ನಾಲ್ಕನೆಯ ಹೆಸರು

ಭಾನುವಾರ ಮಧ್ಯರಾತ್ರಿ ದಾಟಿದ ಮೇಲೆ ಜಿಪ್ಪಿನ ಸದ್ದು ಕೇಳಿಸಿತು. ಸರ್ರ್ ಅಂತ ಬಿಚ್ಚಿಕೊಂಡಿತು. ಒಂದಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಸರ್ರ್ ಅಂತ ಮುಚ್ಚಿಕೊಂಡಿತು.

ಲತಿಕ ಕಣ್ಣು ಬಿಡಲಿಲ್ಲ. ಬಿಟ್ಟರೆ ಏಳಬೇಕು. ಎದ್ದರೆ ಸೊಂಟ ಹಿಡಿದುಕೊಳ್ಳುತ್ತದೆ. ವಾರವೆಲ್ಲ ಗೋಡಂಬಿ ಕಾರ್ಖಾನೆಯ ನೆಲದ ಮೇಲೆ ಕಾಲು ಮಡಿಸಿ ಕೂತ ಸೊಂಟ ಅದು. ಒಮ್ಮೆ ಮಲಗಿಸಿದ ಮೇಲೆ ಬೆಳಗಿನ ತನಕ ಅಲುಗಿಸಬಾರದು. ಪಕ್ಕದಲ್ಲಿ ಗಂಡ ಸುಗತನ್ ಗೋಡೆ ಕಡೆ ತಿರುಗಿ ಮಲಗಿದ್ದ. ಅವನಿಗೂ ನಿದ್ದೆ ಬಂದಿಲ್ಲ ಎಂದು ಉಸಿರಿನಲ್ಲೇ ತಿಳಿಯುತ್ತಿತ್ತು.

ಮತ್ತೆ ಸರ್ರ್.

"ಶಾಲೆ ಚೀಲ ತುಂಬ್ತಾ ಇದಾಳೆ," ಅಂದ ಸುಗತನ್, ಗೋಡೆಗೆ ಹೇಳಿದ ಹಾಗೆ.

"ಗೊತ್ತು."

"ನಾಳೆಯಿಂದ ಹೋಗೋದು ಬೇಡ ಅಂತ ಹೇಳಿಲ್ವಾ ನೀನು?"

"ನೀವು ಹೇಳಿ."

ಆಚೆ ಮೂಲೆಯಲ್ಲಿ, ಚಾಪೆಯ ಮೇಲೆ ಕೂತು, ಹತ್ತನೇ ಕ್ಲಾಸಿನ, ಹದಿನೈದರ ಮಗಳು ಆತಿರ ಚೀಲ ತುಂಬಿ ಮುಗಿಸಿದಳು. ಆಮೇಲೆ ಮೈಯನ್ನು ಹಿಂದೆ ಮುಂದೆ ತೂಗುತ್ತಾ ಸಣ್ಣ ದನಿಯಲ್ಲಿ ಶುರು ಮಾಡಿದಳು.

"ಅಭಿರಾಮಿ. ಹಾಜರ್ ಸಾರ್. ಅರ್ಜುನ್. ಹಾಜರ್ ಸಾರ್. ಅಲ್ ಅಮೀನ್. ಹಾಜರ್ ಸಾರ್. ಆತಿರ."

ಇಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. ನಿಂತು, ಉಳಿದವರಿಗಿಂತ ಗಟ್ಟಿಯಾಗಿ, "ಹಾಜರ್ ಸಾರ್."

ಅವಳಿಗೆ ಬರುವ ಮಾತು ಕಮ್ಮಿ. ಅನ್ನ, ನೀರು, ಅಮ್ಮ, ಬೇಡ. ಆದರೆ ಹಾಜರಿ ಪೂರ್ತಿ ಬರುತ್ತದೆ. ಪ್ರತಿ ವರ್ಷ ಹೊಸ ಕ್ಲಾಸಿನ ಹೊಸ ಹೆಸರುಗಳು ಒಂದು ವಾರದಲ್ಲಿ ಬಾಯಿಗೆ ಬಂದುಬಿಡುತ್ತವೆ. ಕರೆಯುವವಳೂ ಅವಳೇ, ಓಗೊಡುವವಳೂ ಅವಳೇ. ಅವಳದ್ದು ನಾಲ್ಕನೆಯ ಹೆಸರು. ಅದನ್ನು ಹೇಳುವಾಗ ಅವಳ ಮೈತೂಗು ನಿಲ್ಲುತ್ತದೆ.

ಕೊಲ್ಲಂ ಪೇಟೆಯಿಂದ ಒಳಗಿರುವ ಆ ಕಾಲನಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಕ್ಕದ ಮನೆಯವರು ಕೆಮ್ಮಿದರು. ಲತಿಕ ಎದ್ದಳು.

"ಸಾಕು ಮೋಳೇ. ಮಲಕ್ಕೊ."

"ಆನ್ ಮರಿಯ. ಹಾಜರ್ ಸಾರ್," ಅಂದಳು ಆತಿರ. ಮುಗಿಯುವ ತನಕ ನಿಲ್ಲಿಸುವವಳಲ್ಲ.

*

ಶುಕ್ರವಾರ ಹೆಡ್ ಟೀಚರ್ ಕರೆಸಿದ್ದರು. ಲತಿಕ ಕಾರ್ಖಾನೆಯ ಶೆಡ್ಡಿನಿಂದ ನೇರ ಹೋಗಿದ್ದಳು. ಕೈಕಾಲು ತೊಳೆದುಕೊಂಡೇ ಹೋಗಿದ್ದಳು. ಆದರೂ ಅವಳು ಒಳಗೆ ಕಾಲಿಟ್ಟ ಕೂಡಲೇ ವಸಂತಕುಮಾರಿ ಟೀಚರ್ ಎದ್ದು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದರು. ಹುರಿದ ಗೋಡಂಬಿ ಚಿಪ್ಪಿನ ಎಣ್ಣೆ ಸೀರೆಗೆ ಹತ್ತಿದರೆ ಹೋಗುವುದಿಲ್ಲ. ಕೂದಲಿಗೆ ಹತ್ತಿದರೂ ಹೋಗುವುದಿಲ್ಲ. ಲತಿಕಳಿಗೆ ಈ ಕಿಟಕಿ ಹೊಸದಲ್ಲ.

"ಕೂತ್ಕೊಳ್ಳಿ ಲತಿಕ."

ಲತಿಕ ಕೂರಲಿಲ್ಲ. ಕುರ್ಚಿಗೆ ಬಟ್ಟೆಯ ಗವುಸು ಹಾಕಿದ್ದರು, ಬಿಳಿಯದು.

"ಮನೆಯಲ್ಲೇ ಕಲಿಯೋದು ಅಂತ ಒಂದು ವ್ಯವಸ್ಥೆ ಇದೆ. ಸರ್ಕಾರದ್ದೇ. ಆತಿರಳಂಥ ಮಕ್ಕಳಿಗೆ ಅಂತಲೇ ಮಾಡಿರೋದು. ಪುಸ್ತಕ ಮನೆಗೇ ಬರುತ್ತೆ. ಟೀಚರ್ ಮನೆಗೇ ಬರ್ತಾರೆ. ಮಧ್ಯಾಹ್ನದ ಊಟದ ಅಕ್ಕಿನೂ ಬರುತ್ತೆ. ಹೆಸರು ಮಾತ್ರ ಇಲ್ಲೇ ಇರುತ್ತೆ."

"ಹೆಸರು ಇಲ್ಲಿರುತ್ತೆ, ಮಗಳು ಮನೇಲಿರ್ತಾಳೆ."

"ಅಷ್ಟೇ. ನೋಡಿ, ನೀವೇ ಎಷ್ಟು ಚೆನ್ನಾಗಿ ಹೇಳಿದ್ರಿ."

"ಪರೀಕ್ಷೆ ಟೀಚರ್?"

"ಆ ಮಗೂಗೆ ಅದೆಲ್ಲ ಹಿಂಸೆ ಯಾಕೆ? ಬೆಳೆದ ಹುಡುಗಿ. ಗಂಡುಮಕ್ಕಳಿರೋ ಜಾಗ. ನಿಮಗೂ ಭಯ, ನಮಗೂ ಭಯ. ನನ್ನ ಚಿಕ್ಕಪ್ಪನ ಮಗಳು ಎರ್ನಾಕುಳಂನಲ್ಲಿ ಮಗನಿಗೆ ಮನೇಲೇ ಕಲಿಸ್ತಾಳೆ. ಇಂಥದೇ ಹುಡುಗ. ಈಗ ಎಷ್ಟು ಚೆನ್ನಾಗಿ ಕೀಬೋರ್ಡ್ ನುಡಿಸ್ತಾನೆ ಗೊತ್ತಾ?"

"ಅವ್ರು ಬೆಳಿಗ್ಗೆ ಎಷ್ಟೊತ್ತಿಗೆ ಕೆಲ್ಸಕ್ಕೆ ಹೋಗ್ತಾರೆ ಟೀಚರ್?"

"ಕೆಲಸಕ್ಕೆ? ಇಲ್ಲ, ಅವಳು ಮನೇಲೇ ಇರ್ತಾಳೆ."

"ಹ್ಞಾ," ಅಂದಳು ಲತಿಕ.

ಟೀಚರ್ ಮೇಜಿನ ಮೇಲಿನ ಗಾಜನ್ನು ಒರೆಸಿದರು. ದನಿ ಇನ್ನೂ ಮೆತ್ತಗಾಯಿತು. "ಒಂದು ವಾರ ಮನೇಲಿಟ್ಟು ನೋಡಿ. ಹೊಂದಿಕೊಂಡ್ರೆ ಮುಂದಿನ ವಾರ ಬಂದು ಒಪ್ಪಿಗೆ ಬರೆದುಕೊಡಿ. ಬಲವಂತ ಇಲ್ಲ."

ಗೇಟಿನ ಮೇಲೆ ಹೋದ ವರ್ಷ ಹತ್ತನೇ ಕ್ಲಾಸು ಪಾಸಾದವರ ಮುಖಗಳ ದೊಡ್ಡ ಬ್ಯಾನರು ಗಾಳಿಗೆ ಬಡಿದುಕೊಳ್ಳುತ್ತಿತ್ತು. ನೂರಕ್ಕೆ ನೂರು ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅದರ ಹಿಂದಿನ ವರ್ಷದ್ದೂ ನೂರಕ್ಕೆ ನೂರೇ. ಲತಿಕ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಕಾಲನಿಯವು ಎಷ್ಟಿವೆ ಎಂದು ಹುಡುಕಿದಳು. ಹುಡುಕುವುದನ್ನು ಬಿಟ್ಟು ಹೊರಟಳು.

ಊಟದ ಅಡುಗೆಮನೆಯ ಬಾಗಿಲಲ್ಲಿ ಅಡುಗೆಯ ಪೊಡಿಯಮ್ಮ ನಿಂತಿದ್ದಳು. ಒಳ್ಳೆಯ ಹೆಂಗಸು, ಲತಿಕಳಿಗೆ ಚೇಚ್ಚಿ, ಅಕ್ಕನ ಹಾಗೆ. ಆತಿರಳಿಗೆ ಸೀದ ಅನ್ನ ಇಷ್ಟ ಎಂದು ತಳದ್ದು ಕೆರೆದು ತೆಗೆದಿಡುವವಳು.

"ಲತಿಕ, ಹುಡುಗೀನ ಬಿಡಿಸ್ತೀಯಂತಲ್ಲೇ. ಬಿಡಿಸ್ಬೇಡ ಕಣೇ. ನಂಗೆ ಕೈಗೆ ಯಾರಿದಾರೆ? ಸಾಂಬಾರಿನ ಉಳ್ಳಿ ಪೂರ್ತಿ ಅವಳೇ ಸುಲಿಯೋದು."

"ಊಟದ ಹೊತ್ತಲ್ಲಿ ತಾನೇ ಚೇಚ್ಚಿ?"

"ಊಟದ ಹೊತ್ತಲ್ಲಿ ಸುಲಿದ್ರೆ ಸಾಂಬಾರು ಯಾವಾಗ ಆಗೋದು? ಬೆಳಿಗ್ಗೇನೇ ಬಂದ್ಬಿಡ್ತಾಳೆ. ಕ್ಲಾಸಲ್ಲಿ ಗುನುಗ್ತಾಳಂತೆ, ರೆಜಿ ಸಾರ್ ಬಾಗಿಲಲ್ಲೇ ಕೈ ತೋರಿಸ್ತಾರೆ. ಚೀಲ ಬೆನ್ನಿಗೆ ಹಾಕ್ಕೊಂಡೇ ಬರ್ತಾಳೆ ಪಾಪ. ಜೂನ್‌ನಿಂದಾನೂ. ನಿಂಗೆ ಗೊತ್ತಿಲ್ವಾ?"

ಲತಿಕಳಿಗೆ ಗೊತ್ತಿರಲಿಲ್ಲ. ರಾತ್ರಿ ಮಗಳು ಅವಳ ಕೆನ್ನೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದಳು. ಬೆರಳಲ್ಲಿ ಈರುಳ್ಳಿಯ ವಾಸನೆ. ಅದು ತನ್ನದೇ ಅಡುಗೆಯ ವಾಸನೆ ಎಂದುಕೊಂಡಿದ್ದಳು. ಇಷ್ಟು ತಿಂಗಳು ಆ ವಾಸನೆಯನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು ಮಲಗಿದ್ದಳು.

ಅಂದರೆ ಹಾಜರಿ ಕೂಗುವಾಗ ಮಗಳು ಕ್ಲಾಸಿನಲ್ಲಿ ಇರಲೇ ಇಲ್ಲ. ಅಡುಗೆಮನೆಯ ಗೋಡೆಯಾಚೆಯಿಂದ ಕೇಳಿಸಿಕೊಂಡು ಕಲಿತಿದ್ದಾಳೆ. ನಾಲ್ಕನೆಯ ಹೆಸರನ್ನು ಯಾರೂ ಕೂಗಿರಲಿಕ್ಕಿಲ್ಲ. ಅದನ್ನು ಅವಳೇ ಜಾಗ ಹುಡುಕಿ ಸೇರಿಸಿಕೊಂಡಿದ್ದಾಳೆ.

*

ಸುಗತನ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಬೆಳಕು ಹರಿಯುವ ಮುಂಚೆ ಲಾರಿಗಳು ಬರುತ್ತವೆ. ಆ ಭಾನುವಾರ ಸಂಜೆ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಅವನು ಹೇಳಿದ:

"ಮನೇಲೇ ಇರ್ಲಿ ಬಿಡು."

"ಯಾರು ನೋಡ್ಕೊಳ್ಳೋದು?"

"ನೀನು."

"ಶೆಡ್ಡಿಗೆ ಯಾರು ಹೋಗೋದು?"

ಬೆನ್ನ ಮೇಲಿನ ಗಂಟೊಂದನ್ನು ಲತಿಕ ಹೆಬ್ಬೆರಳಿನಿಂದ ಒತ್ತಿದಳು. ಅವನು ಹಲ್ಲು ಕಚ್ಚಿದ.

"ನಾನು ಹೇಳೋದು ಅಷ್ಟೇ," ಅಂದ. "ಆ ಗೇಟಿನ ಹತ್ರ ಹುಡುಗ್ರು ಅವಳ ಹಿಂದೆ ಗುನುಗ್ತಾ ಹೋಗೋದನ್ನ ನಾನೇ ನೋಡಿದೀನಿ. ತಲೆ ಮೇಲೆ ಮೂಟೆ ಇತ್ತು. ಇಳಿಸೋಕೂ ಆಗ್ಲಿಲ್ಲ, ಬಯ್ಯೋಕೂ ಆಗ್ಲಿಲ್ಲ. ಅದಕ್ಕಿಂತ ಮನೆ ವಾಸಿ ಅಲ್ವಾ?"

ಲತಿಕಳಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಸುಳ್ಳು ಯಾಕೆ? ಶುಕ್ರವಾರದಿಂದ ಅವಳು ಅದನ್ನೇ ಲೆಕ್ಕ ಹಾಕುತ್ತಿದ್ದಳು. ಮನೆಯಲ್ಲಿದ್ದರೆ ಮಗಳು ಗುನುಗಬಹುದು. ಯಾರೂ ಆಡಿಕೊಳ್ಳುವುದಿಲ್ಲ. ತಿಂಗಳ ಆ ದಿನಗಳಲ್ಲಿ ಬಟ್ಟೆ ಕೊಳೆಯಾದರೆ ಇಡೀ ಕ್ಲಾಸು ನೋಡುವುದಿಲ್ಲ. ಒಲೆ ಹಚ್ಚುವುದು, ಅಂಗಡಿಯಲ್ಲಿ ಚಿಲ್ಲರೆ ಇಸಿದುಕೊಳ್ಳುವುದು, ಜಡೆ ತಾನೇ ಹಾಕಿಕೊಳ್ಳುವುದು, ಇವನ್ನೆಲ್ಲ ನಿಧಾನವಾಗಿ ಕಲಿಸಬಹುದು. ಯಾರಾದರೂ ಎದುರಿಗೆ ಕೂತು ಕಲಿಸಿದರೆ ಆತಿರ ಕಲಿಯುತ್ತಾಳೆ. ಕೂರುವುದಕ್ಕೆ ಮನುಷ್ಯರು ಬೇಕು, ಅಷ್ಟೇ. ಕಾಲನಿಯಲ್ಲಿ ಸುಮ್ಮನೆ ಕೂರಬಲ್ಲ ಮನುಷ್ಯರಿಲ್ಲ.

ಸೋಮವಾರ ಪಕ್ಕದ ಮನೆಯ ಮುದುಕಿ ನೋಡಿಕೊಂಡಳು. ಸಂಜೆ ಹೇಳಿದಳು, "ನಂಗಾಗಲ್ಲಮ್ಮ. ಎರಡು ಸಲ ರೋಡಿಗೆ ಹೋಗಿದ್ಲು, ಚೀಲ ಹಾಕ್ಕೊಂಡು. ಹಿಂದೆ ಓಡೋ ಮೊಣಕಾಲು ನಂದಲ್ಲ."

ಅದೇ ಸಂಜೆ ಜಿಷ ಬಂದಳು. ಮನೆಗೆ ಬಂದು ಕಲಿಸುತ್ತಾರೆ ಎಂದು ಹೆಡ್ ಟೀಚರ್ ಹೇಳಿದ್ದು ಇವಳನ್ನೇ. ಚಿಕ್ಕ ವಯಸ್ಸಿನವಳು. ಹೆಲ್ಮೆಟ್ ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ಕೂತಳು. ಆತಿರಳ ಮುಂದೆ ಬಣ್ಣದ ಮಣಿಗಳನ್ನು ಸುರಿದಳು. ಆತಿರ ಒಂದು ಸಲ ನೋಡಿ, ಕೆಂಪು ಕೆಂಪಿಗೆ ನೀಲಿ ನೀಲಿಗೆ ಸೇರಿಸಿಟ್ಟು, ಎದ್ದು ಹೋದಳು.

"ಇದೇ ಮಣಿ ಅವಳಿಗೆ ಮೂರನೇ ಕ್ಲಾಸಲ್ಲೂ ಕೊಟ್ಟಿದ್ರು," ಅಂದಳು ಲತಿಕ.

"ಗೊತ್ತು ಚೇಚ್ಚಿ. ನಮ್ಮ ಹತ್ರ ಇರೋದು ಇದೊಂದೇ."

"ದಿನಾ ಬರ್ತೀರಾ?"

ಜಿಷ ನಕ್ಕಳು. ನಗು ಬೇಗ ಮುಗಿಯಿತು. "ವಾರಕ್ಕೊಂದು ಸಲ ಅಂತ ಇದೆ. ಪೆಟ್ರೋಲ್ ಇದ್ರೆ. ಬೇರೆ ಡ್ಯೂಟಿ ಹಾಕದೇ ಇದ್ರೆ. ನಿಜ ಹೇಳ್ಬೇಕಂದ್ರೆ, ಮನೇಲಿ ಉಳಿದ ಮಕ್ಕಳಲ್ಲಿ ಯಾರೂ ತಿರುಗಿ ಶಾಲೆಗೆ ಹೋಗಿದ್ದು ನಾನು ನೋಡಿಲ್ಲ." ಬೀದಿಯ ಕಡೆ ಒಮ್ಮೆ ನೋಡಿದಳು. ದನಿ ತಗ್ಗಿಸಿದಳು. "ಹಾಸಿಗೆ ಬಿಟ್ಟು ಏಳೋಕಾಗದ ಮಕ್ಕಳಿಗೆ ಅಂತ ಮಾಡಿದ್ದು ಚೇಚ್ಚಿ ಇದು. ಇವಳು ನಡೀತಾಳೆ. ನೀವು ಒಪ್ಪಿಗೆ ಕೊಡದೆ ಯಾರೂ ಅವಳನ್ನ ಶಾಲೆಯಿಂದ ಕಳಿಸೋ ಹಾಗಿಲ್ಲ. ಪರೀಕ್ಷೆಗೆ ಪಕ್ಕದಲ್ಲಿ ಕೂತು ಬರೆಯೋ ಹುಡುಗೀನ ಕೊಡ್ತಾರೆ, ಹೆಚ್ಚು ಹೊತ್ತೂ ಕೊಡ್ತಾರೆ. ಆದ್ರೂ ಫೇಲಾದ್ರೆ ಆಗ್ತಾಳೆ. ಅವ್ರಿಗೆ ಆ ಒಂದು ಫೇಲು ಬೇಡ."

"ಇದನ್ನ ಶಾಲೆ ಮೀಟಿಂಗಲ್ಲಿ ಹೇಳ್ತೀರಾ?"

"ನಂದು ವರ್ಷ ವರ್ಷದ ಕಾಂಟ್ರಾಕ್ಟು," ಅಂದಳು ಜಿಷ. ಮಣಿಗಳನ್ನು ಡಬ್ಬಿಗೆ ತುಂಬಿಕೊಂಡು, ಹಾಲಿಲ್ಲದ ಕಟ್ಟನ್ ಚಹಾ ಅರ್ಧ ಬಿಟ್ಟು ಹೋದಳು. ಲತಿಕಳಿಗೆ ಕೋಪ ಬರಲಿಲ್ಲ. ಕೋಪ ಬರುವುದಕ್ಕೂ ಒಂದು ನಿದ್ದೆ ಆಗಿರಬೇಕು.

*

ಮಂಗಳವಾರ ಬೇರೆ ದಾರಿಯಿರಲಿಲ್ಲ. ಸುಗತನ್ ಹೋದ ಮೇಲೆ ಲತಿಕ ಮಗಳ ಕೈ ಹಿಡಿದುಕೊಂಡು ಶೆಡ್ಡಿಗೆ ಹೋದಳು. ಆತಿರ ಚೀಲ ಹಾಕಿಕೊಂಡೇ ಬಂದಳು. ಅವಳು ಹುಟ್ಟಿದ ದಿನ ಸುಗತನ್ ಆ ಅಂಗೈಯನ್ನು ಬಿಡಿಸಿ ನೋಡಿ, ಈ ಕೈ ಚಿಪ್ಪೊಡೆಯುವ ಕೊಡತಿ ಹಿಡಿಯಬಾರದು ಅಂದಿದ್ದ. ಇಷ್ಟು ವರ್ಷ ಆ ಒಂದು ಮಾತಿಗೆ ಅವರಿಬ್ಬರೂ ತಪ್ಪಿರಲಿಲ್ಲ. ಮಗಳು ಶೆಡ್ಡಿನ ಒಳಗೆ ಕಾಲಿಟ್ಟಿರಲಿಲ್ಲ.

ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಹಜಾರ ಬೇರೆ. ಅಲ್ಲಿ ಫ್ಯಾನಿದೆ. ಹೆಂಗಸರು ಬಿಳಿ ಟೊಪ್ಪಿ ಹಾಕಿಕೊಂಡು ಮೇಜಿನ ಮುಂದೆ ಕೂರುತ್ತಾರೆ. ಅಲ್ಲಿ ಯಾರ ಮನೆಯವರು ಕೂರುತ್ತಾರೆ, ಚಿಪ್ಪು ಒಡೆಯುವ ಶೆಡ್ಡಿನಲ್ಲಿ ಯಾರ ಮನೆಯವರು ಕೂರುತ್ತಾರೆ ಎಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆಯಬೇಕಾಗಿಯೂ ಇಲ್ಲ. ಲತಿಕಳ ಅಜ್ಜಿ ಚಿಪ್ಪು ಒಡೆದಳು. ಅಮ್ಮ ಒಡೆದಳು. ಅಮ್ಮ ಆಸ್ಪತ್ರೆ ಸೇರಿದ ವರ್ಷ ಒಂಬತ್ತನೇ ಕ್ಲಾಸಿನಿಂದ ಎದ್ದು ಬಂದು ಲತಿಕ ಒಡೆದಳು. ಚಿಪ್ಪಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಬೂದಿ ಹಚ್ಚಿಕೊಂಡರೂ ಸುಡುತ್ತದೆ. ಬೆರಳು ಕಪ್ಪಾಗುತ್ತದೆ, ಸುಲಿಯುತ್ತದೆ, ಮತ್ತೆ ಕಪ್ಪಾಗುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಶೆಡ್ಡಿನ ಹೆಂಗಸರು ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಳ್ಳುತ್ತಾರೆ. ಬಲಗೈಯನ್ನು ಮುಚ್ಚಿಕೊಂಡು ಉಣ್ಣುವ ಉಪಾಯ ಇನ್ನೂ ಯಾರಿಗೂ ಸಿಕ್ಕಿಲ್ಲ.

"ಹಿಂದೆ ಕೂತಿರು. ಏನೂ ಮುಟ್ಟಬೇಡ," ಅಂದಳು ಲತಿಕ.

ಆತಿರ ಗೋಣಿಯ ಮೇಲೆ ಕೂತಳು. ಸಾಲಿನ ಉದ್ದಕ್ಕೂ ಕೊಡತಿಗಳು ಕಲ್ಲಿನ ಮೇಲೆ ಬೀಳುತ್ತಿದ್ದವು. ಟಕ್, ಟಕ್. ಅವಳ ಮೈ ಆ ಲಯಕ್ಕೆ ತೂಗತೊಡಗಿತು. ಗುನುಗತೊಡಗಿದಳು. ಲತಿಕ ಹೆದರಿ ಹಿಂದಕ್ಕೆ ತಿರುಗಿದಳು. ಆದರೆ ಆ ಸದ್ದಿನಲ್ಲಿ ಗುನುಗು ಯಾರಿಗೂ ಕೇಳಿಸುತ್ತಲೇ ಇರಲಿಲ್ಲ.

ಪಕ್ಕದಲ್ಲಿದ್ದ ಸರಸು ಚೇಚ್ಚಿ, ಶೆಡ್ಡಿನಲ್ಲೇ ಹಳಬಳು, ಬಾಯಿ ಜೋರು. "ನಿನ್ನ ಮಗಳು ನಮಗಿಂತ ಚೆನ್ನಾಗಿ ಹಾಡ್ತಾಳೆ ಕಣೇ. ನಮ್ಮ ಮೇಸ್ತ್ರಿ ಕೆಮ್ಮೋದಕ್ಕಿಂತಂತೂ ಚೆನ್ನಾಗಿದೆ." ಹಿಂದಕ್ಕೆ ಕೂಗಿದಳು, "ಮೋಳೇ, ನಿನ್ನ ಹೆಸ್ರೇನು?"

"ಆತಿರ. ಹಾಜರ್ ಸಾರ್."

ಇಡೀ ಸಾಲು ನಕ್ಕಿತು. ಆಡಿಕೊಳ್ಳುವ ನಗುವಲ್ಲ. "ನಾನ್ಯಾವಾಗ ಸಾರ್ ಆದೆ? ಮೀಸೆ ಬಂತಾ ನೋಡ್ರೇ," ಅಂದಳು ಸರಸು ಚೇಚ್ಚಿ. ಆತಿರ ಅವಳ ಬಾಯನ್ನೇ ನೋಡಿದಳು. ಆಮೇಲೆ ಒಬ್ಬೊಬ್ಬರ ಕಡೆ ಬೆರಳು ಮಾಡಿದಳು. ಅವರು ಹೆಸರು ಹೇಳಿದರು. ಊಟದ ಸೈರನ್ ಆಗುವ ಹೊತ್ತಿಗೆ ಅವಳು ಸಾಲಿನ ಈ ತುದಿಯಿಂದ ಆ ತುದಿಗೆ ಹಾಜರಿ ಕೂಗುತ್ತಿದ್ದಳು.

"ಸರಸು."

"ಹಾಜರ್ ಸಾರ್," ಸರಸು ಚೇಚ್ಚಿ ಕೊಡತಿ ನಿಲ್ಲಿಸದೆ.

"ಲತಿಕ." ಅಮ್ಮನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಹಾಜರ್," ಅಂದಳು ಲತಿಕ. ಮುಂದಿನ ಬೀಜವನ್ನು ಕಲ್ಲಿನ ಮೇಲೆ ನಿಲ್ಲಿಸಿದಳು.

"ಪೆಣ್ಣಮ್ಮ." "ಹಾಜರ್ ಸಾರ್." "ರಮಣಿ." "ರಮಣಿ ಬೀಡ ಉಗಿಯೋಕೆ ಹೋಗಿದಾಳೆ ಸಾರ್, ಆಬ್ಸೆಂಟ್ ಹಾಕಿ." ಮತ್ತೆ ನಗು. ಕೊನೆಗೆ, "ಆತಿರ." ತಾನೇ ಓಗೊಡಲು ಬಾಯಿ ತೆರೆದಳು. ಅದಕ್ಕೆ ಮುಂಚೆ ಇಡೀ ಸಾಲು ಒಟ್ಟಿಗೆ ಹೇಳಿತು, "ಹಾಜರ್ ಸಾರ್."

ಆತಿರ ನಕ್ಕಳು. ಹಲ್ಲು ಕಾಣುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಲತಿಕ ಅಂಥ ನಗುವನ್ನು ಕೊನೆಯ ಸಲ ಯಾವಾಗ ಕೇಳಿದ್ದಳೋ ನೆನಪಾಗಲಿಲ್ಲ.

ಮಧ್ಯಾಹ್ನದ ಮೇಲೆ ಲತಿಕ ಕೂಲಿ ಲೆಕ್ಕಕ್ಕೆ ತಿರುಳು ತೂಗಿಸಲು ಹೋಗಿ ಬರುವಷ್ಟರಲ್ಲಿ ಆತಿರ ಅವಳ ಜಾಗದಲ್ಲಿ ಕೂತಿದ್ದಳು. ಸರಸು ಚೇಚ್ಚಿ ಅವಳ ಕೈಗೆ ಬೂದಿ ಹಚ್ಚಿದ್ದಳು. ಆತಿರಳೇ ಕೇಳಿದ್ದಳಂತೆ, ಕೈ ಚಾಚಿ. ಬೀಜವನ್ನು ಕಲ್ಲಿನ ಮೇಲೆ ಅಂಚು ಮೇಲಾಗಿ ನಿಲ್ಲಿಸಿ ಒಂದೇ ಪೆಟ್ಟು. ಚಿಪ್ಪು ಎರಡಾಯಿತು. ತಿರುಳು ಇಡಿಯಾಗಿ ಹೊರಗೆ ಬಂತು. ಮತ್ತೊಂದು. ಅದೂ ಇಡಿ.

ಮೇಸ್ತ್ರಿ ತುಳಸೀಧರನ್ ಹಿಂದೆ ಬಂದು ನಿಂತ. ಬಾಗಿ ಬುಟ್ಟಿಯಲ್ಲಿ ಕೈಯಾಡಿಸಿದ. ಒಡಕಲೇ ಇರಲಿಲ್ಲ.

"ಇದ್ಯಾರ ಕೈ?"

"ನನ್ನ ಮಗಳು ಸಾರ್. ಇವತ್ತೊಂದಿನ ಮನೇಲಿ ಯಾರೂ ಇಲ್ಲ ಅಂತ. ಏಳಿಸ್ತೀನಿ."

"ಏಳಿಸೋದ್ಯಾಕೆ? ನಿಂಗೆ ಇಷ್ಟು ವರ್ಷ ಕೂತ್ರೂ ಈ ಕೈ ಬರ್ಲಿಲ್ಲ ಲತಿಕ." ಅವನು ಒಂದು ಇಡೀ ತಿರುಳನ್ನು ಬೆಳಕಿಗೆ ಹಿಡಿದ. "ದಿನಾ ಕರ್ಕೊಂಡು ಬಾ. ನಿನ್ನ ತೂಕದಲ್ಲೇ ಸೇರಿಸೋಣ. ಇನ್‌ಸ್ಪೆಕ್ಟರ್ ಬಂದ್ರೆ ಊಟ ತಂದಿದ್ಲು ಅಂದ್ರಾಯ್ತು. ಶಾಲೆಗೆ ಹೋಗಲ್ಲ ತಾನೇ ಇಂಥವ್ರು?"

"ಹೆಸರು ಶಾಲೇಲಿರುತ್ತೆ ಸಾರ್," ಅಂದಳು ಲತಿಕ.

"ಇನ್ನೂ ಒಳ್ಳೇದಾಯ್ತಲ್ಲ. ಕೇಳೋರೇ ಇಲ್ಲ."

ಅವನು ದಯೆಯಿಂದಲೇ ಹೇಳಿದ. ಪೊಡಿಯಮ್ಮನೂ ದಯೆಯಿಂದಲೇ ಹೇಳಿದ್ದಳು. ವಸಂತಕುಮಾರಿ ಟೀಚರೂ ದಯೆಯಿಂದಲೇ. ಅಡುಗೆಮನೆಗೆ ಮಗಳು ಬೇಕು. ಶೆಡ್ಡಿಗೆ ಮಗಳು ಬೇಕು. ಬೆಂಚಿಗೆ ಮಾತ್ರ ಬೇಡ. ಕೈ ಬೇಕಾದ ಕಡೆ ಎಲ್ಲರೂ ಜಾಗ ಮಾಡಿಕೊಡುತ್ತಾರೆ. ಮನೆಯಲ್ಲೇ ಕಲಿಕೆ ಅಂದರೆ ಏನು ಎಂದು ಲತಿಕಳಿಗೆ ಆ ಬುಟ್ಟಿಯಲ್ಲಿ ಕಂಡಿತು. ಮಗಳು ಮನೆಯಲ್ಲಿರುವುದಿಲ್ಲ. ಇಲ್ಲಿರುತ್ತಾಳೆ. ಈ ಗೋಣಿಯ ಮೇಲೆ, ಮುತ್ತಜ್ಜಿ ಕೂತ ಜಾಗದಲ್ಲಿ, ತೂಕದಲ್ಲಿ ಹೆಸರೂ ಇಲ್ಲದೆ.

ಅವಳು ಮಗಳ ಕೈಯಿಂದ ಕೊಡತಿ ಕಿತ್ತುಕೊಳ್ಳಹೋದಳು. ಆತಿರ ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

"ಬೇಡ," ಅಂದಳು ಆತಿರ. "ಬೇಡ, ಬೇಡ."

ಯಾವುದು ಬೇಡ ಎಂದು ಲತಿಕ ಕೇಳಲಿಲ್ಲ.

ಮನೆಗೆ ಬಂದು ಸೀಮೆಎಣ್ಣೆ ಹಾಕಿ ತಿಕ್ಕಿದಳು, ಹುಣಸೆ ಹಾಕಿ ತಿಕ್ಕಿದಳು. ಆತಿರ ಅತ್ತಳು. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ.

*

ಬುಧವಾರ ಲತಿಕ ಶೆಡ್ಡಿಗೆ ಹೋಗಲಿಲ್ಲ. ಮಗಳಿಗೆ ಯೂನಿಫಾರಂ ಹಾಕಿ, ಎರಡು ಜಡೆ ಬಿಗಿದು, ಶಾಲೆಗೆ ನಡೆದಳು. ಹೆಡ್ ಟೀಚರ್ ವರಾಂಡದಲ್ಲೇ ಸಿಕ್ಕರು.

"ವಾರ ಆಗಿಲ್ವಲ್ಲ ಲತಿಕ. ಬರೆದುಕೊಡೋಕೆ ಬಂದ್ರಾ?"

"ಇಲ್ಲ ಟೀಚರ್. ಅವಳು ಕ್ಲಾಸಿಗೆ ಬಂದಿದಾಳೆ."

"ನೋಡಿ, ನಾವು ಮಾತಾಡಿದ್ವಲ್ಲ. ಅವಳಿಗೆ ಇಲ್ಲಿ ಏನೂ ಉಪಯೋಗ..." ಟೀಚರ್ ಕಣ್ಣು ಆತಿರಳ ಬೆರಳಿಗೆ ಬಿತ್ತು. "ಇದೇನಿದು ಕೈ?"

"ಮನೆಯಲ್ಲೇ ಕಲಿತದ್ದು," ಅಂದಳು ಲತಿಕ. "ಒಂದೇ ದಿನಕ್ಕೆ ಕಲಿತ್ಲು. ಇಲ್ಲಿ ಜೂನ್‌ನಿಂದ ಉಳ್ಳಿ ಸುಲಿಯೋದು ಕಲಿಸಿದ್ರಿ."

ಟೀಚರ್ ಆಚೀಚೆ ನೋಡಿದರು. "ಅವಳೇ ಇಷ್ಟಪಟ್ಟು ಹೋಗೋದು ಅಲ್ಲಿಗೆ. ಪೊಡಿಯಮ್ಮ ಎಷ್ಟು ಪ್ರೀತಿಯಿಂದ ನೋಡ್ಕೊಳ್ತಾಳೆ."

"ನೋಡ್ಕೊಳ್ತಾಳೆ. ಪೊಡಿಯಮ್ಮ ಚೇಚ್ಚಿದೇನೂ ತಪ್ಪಿಲ್ಲ. ನಾನು ಒಪ್ಪಿಗೆ ಕೊಡಲ್ಲ ಟೀಚರ್."

"ಜಗಳಕ್ಕೆ ಬಂದ ಹಾಗಿದೆ ನೀವು. ಯಾರೋ ಹೇಳ್ಕೊಟ್ಟಿದಾರೆ."

"ಯಾರೂ ಹೇಳ್ಕೊಟ್ಟಿಲ್ಲ. ನಾನೂ ಒಂಬತ್ತರ ತನಕ ಇದೇ ಶಾಲೆ. ಬೆಂಚಲ್ಲಿ ಕೂತು ಪರೀಕ್ಷೆ ಬರೀಲಿ. ಪಕ್ಕದಲ್ಲಿ ಬರೆಯೋರನ್ನ ಕೇಳ್ತೀನಿ, ಎಲ್ಲಿ ಕೇಳ್ಬೇಕೋ ಅಲ್ಲಿ. ಫೇಲಾದ್ರೆ ಆಗ್ಲಿ. ನಿಮ್ಮ ಬ್ಯಾನರಲ್ಲಿ ನೂರು ಅಂತ ಬರೆಯೋಕಾಗದೇ ಇದ್ರೆ ಬರೀಬೇಡಿ."

ಅವಳ ದನಿ ಏರಲಿಲ್ಲ. ಏರಿಸಲು ಕಸುವಿರಲಿಲ್ಲ. ಮಗಳ ಕೈ ಹಿಡಿದುಕೊಂಡು ಹತ್ತನೇ ಕ್ಲಾಸಿನ ಬಾಗಿಲಿಗೆ ಹೋದಳು. ರೆಜಿ ಸಾರ್ ಹಾಜರಿ ಪುಸ್ತಕ ತೆರೆದಿದ್ದರು. ಆತಿರಳನ್ನು ಕಂಡ ಕೂಡಲೇ ಅವರ ಕೈ ಅಡುಗೆಮನೆಯ ಕಡೆ ಅರ್ಧ ಎದ್ದಿತು. ಹಿಂದೆ ಲತಿಕಳನ್ನು ಕಂಡು ಇಳಿಯಿತು.

ಆತಿರ ಒಳಗೆ ಹೋದಳು. ಎಲ್ಲಿ ಕೂರಬೇಕು ಎಂದು ಗೊತ್ತಾಗದೆ ನಡುವೆ ನಿಂತಳು. ಕೊನೆಗೆ ಕಿಟಕಿ ಪಕ್ಕದ ಒಬ್ಬ ಹುಡುಗಿ ಚೀಲ ಸರಿಸಿದಳು.

ಲತಿಕ ಬಾಗಿಲಲ್ಲೇ ನಿಂತಳು.

"ನೀವಿನ್ನು ಹೋಗಬಹುದು," ಅಂದರು ರೆಜಿ ಸಾರ್.

"ಹಾಜರಿ ಆಗ್ಲಿ ಸಾರ್."

ಅವರು ಒಂದು ಸಲ ಅವಳನ್ನು ನೋಡಿದರು. ಕೂಗತೊಡಗಿದರು. ಅಭಿರಾಮಿ. ಅರ್ಜುನ್. ಅಲ್ ಅಮೀನ್. ಒಂದು ಕ್ಷಣ ನಿಂತರು.

"ಆತಿರ."

ಕ್ಲಾಸು ತಿರುಗಿ ನೋಡಿತು. ಆತಿರ ಮೈತೂಗುವುದನ್ನು ನಿಲ್ಲಿಸಿದಳು. ಬಾಯಿ ಸ್ವಲ್ಪ ತೆರೆದಿತ್ತು. ದಿನಾ ರಾತ್ರಿ ಗಟ್ಟಿಯಾಗಿ ಹೇಳುವ ಮಾತು ಈಗ ಬರಲಿಲ್ಲ. ಯಾರೋ ಹಿಂದಿನಿಂದ ಸಣ್ಣಗೆ ಗುನುಗಿದರು. ಇನ್ನೊಬ್ಬರು ಕಿಸಕ್ಕೆಂದರು.

"ಆನ್ ಮರಿಯ," ಅಂದರು ರೆಜಿ ಸಾರ್.

"ಹಾಜರ್ ಸಾರ್." ಹೇಳಿದ್ದು ಆತಿರ. ಆನ್ ಮರಿಯಳ ದನಿ ಅದರ ಹಿಂದೆಯೇ ಬಂತು. ಕ್ಲಾಸು ಪೂರ್ತಿ ನಕ್ಕಿತು.

"ಸಾರ್," ಅಂದಳು ಲತಿಕ ಬಾಗಿಲಿನಿಂದ. "ಅವಳು ಹೇಳಿದ್ಲು. ಹಾಕಿ."

"ಅದು ಬೇರೆ ಹೆಸರಿಗೆ..."

"ತಡವಾಗಿ ಹೇಳಿದ್ಲು. ಜೂನ್‌ನಿಂದ ಯಾರೂ ಕರ್ದಿಲ್ಲ ಅಲ್ವಾ, ಅದಕ್ಕೆ ತಡ ಆಯ್ತು. ಹಾಕಿ ಸಾರ್."

ನಗು ನಿಂತಿತು. ಪೆನ್ನು ಪುಸ್ತಕದ ಮೇಲೆ ಆಡಿದ್ದನ್ನು ನೋಡಿದ ಮೇಲೆಯೇ ಲತಿಕ ಬಾಗಿಲು ಬಿಟ್ಟದ್ದು. ಆದರೂ ಸಂಜೆಯ ತನಕ ಗೇಟಿನ ಹೊರಗೆ, ಬ್ಯಾನರಿನ ನೆರಳಿನಲ್ಲಿ ಕೂತಿದ್ದಳು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ನಾಳೆ ಇದೇ, ನಾಡಿದ್ದು ಇದೇ. ನಾಳೆ ಶೆಡ್ಡಿಗೆ ಹೋಗಲೇಬೇಕು. ಬಾಗಿಲಲ್ಲಿ ನಿಲ್ಲುವವರು ಯಾರು? ಸೊಂಟ ಸೆಳೆಯುತ್ತಿತ್ತು.

*

ಸಂಜೆ ಮರಗೆಣಸು ಬೇಯಿಸಿ ಬೂತಾಯಿ ಮೀನಿನ ಸಾರು ಮಾಡಿದಳು. ಒಪ್ಪಿಗೆ ಕೊಡಲಿಲ್ಲ ಎಂದು ಸುಗತನ್‌ಗೆ ಹೇಳಿದಳು. ಅವನು ಬಹಳ ಹೊತ್ತು ಮೀನಿನ ಮುಳ್ಳು ಬಿಡಿಸಿದ. "ಸಾಯಂಕಾಲ ಗೇಟಿನ ಹತ್ರ ನಾನು ಹೋಗ್ತೀನಿ," ಅಂದ ಕೊನೆಗೆ. "ಆ ಹೊತ್ತಿಗೆ ಲಾರಿ ಇರಲ್ಲ."

ಉಂಡ ಮೇಲೆ ಆತಿರ ತನ್ನ ಮೂಲೆಯಲ್ಲಿ ಕೂತು ಶುರು ಮಾಡಿದಳು. ಅಭಿರಾಮಿ, ಹಾಜರ್ ಸಾರ್. ಅರ್ಜುನ್, ಹಾಜರ್ ಸಾರ್. ಅಲ್ ಅಮೀನ್, ಹಾಜರ್ ಸಾರ್. ಆತಿರ.

ಲತಿಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

ಉತ್ತರ ಬರಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ನಾಲ್ಕನೆಯ ಹೆಸರಿಗೆ ಓಗೊಡದೆ ಆತಿರ ಸುಮ್ಮನೆ ಕೂತಳು. ಆಮೇಲೆ ಅವಳ ಮೈ ಬೇರೆ ಒಂದು ಲಯಕ್ಕೆ ತೂಗತೊಡಗಿತು. ಮೊಣಕಾಲಿನ ಮೇಲೆ ಮುಷ್ಟಿ ಬಡಿದುಕೊಂಡಳು. ಟಕ್, ಟಕ್.

"ಸರಸು. ಹಾಜರ್ ಸಾರ್. ಲತಿಕ. ಹಾಜರ್.  ಪೆಣ್ಣಮ್ಮ. ಹಾಜರ್ ಸಾರ್. ರಮಣಿ. ಆಬ್ಸೆಂಟ್." ಅಷ್ಟಕ್ಕೇ ಅವಳಿಗೆ ನಗು ಬಂತು. ನಗುವಿನ ನಡುವೆಯೇ ಹೇಳಿದಳು, "ಆತಿರ. ಹಾಜರ್ ಸಾರ್. ಹಾಜರ್ ಸಾರ್."

ಸುಗತನ್ ಬೆನ್ನು ನೇರ ಮಾಡಿ ಕೂತ. "ಇವೆಲ್ಲ ನಿನ್ನ ಶೆಡ್ಡಿನವರ ಹೆಸರಲ್ವಾ? ಇವಳಿಗೆ ಹೇಗೆ ಗೊತ್ತು?"

ಅವನು ಮಗಳ ಉಗುರಿನ ಕಡೆ ನೋಡುತ್ತಿದ್ದ. ದೀಪದ ಬೆಳಕು ಅಲ್ಲಿಯ ತನಕ ಸರಿಯಾಗಿ ಬೀಳುತ್ತಿರಲಿಲ್ಲ.

"ನಾನು ದಿನಾ ಮನೇಲಿ ಹೇಳ್ತಿರ್ತೀನಲ್ಲ ಅವರ ಸುದ್ದಿ," ಅಂದಳು ಲತಿಕ. "ಕೇಳಿಸ್ಕೊಂಡಿರ್ತಾಳೆ."

"ಇಷ್ಟೊಂದು ನಗ್ತಾಳಲ್ಲ."

"ಹ್ಞೂಂ."

ಲತಿಕ ಕೈ ಒರೆಸಿಕೊಂಡು ಮಗಳ ಪಕ್ಕಕ್ಕೆ ಹೋಗಿ ಕೂತಳು. ನಾಳೆಯ ಪುಸ್ತಕಗಳನ್ನು ತಾನೇ ಚೀಲಕ್ಕೆ ತುಂಬಿದಳು. ಶೆಡ್ಡಿನಲ್ಲಿ ಮಗಳು ನಕ್ಕಳು ಎಂದು ಸುಗತನ್‌ಗೆ ಹೇಳುವ ಹಾಗಿಲ್ಲ. ಜಿಷಳಿಗೆ ಹೇಳುವ ಹಾಗಿಲ್ಲ. ಸರಸು ಚೇಚ್ಚಿ ಮಾತು ತೆಗೆದರೆ ಅದನ್ನೂ ಅಲ್ಲಿಗೇ ಮುರಿಯಬೇಕು. ಈ ಹುಡುಗಿಗೆ ಅಲ್ಲಿ ಖುಷಿಯಾಗುತ್ತದೆ ಎಂದು ಒಬ್ಬರಿಗೆ ಗೊತ್ತಾದರೆ ಸಾಕು, ಎಲ್ಲರೂ ಸೇರಿ, ಬಹಳ ಪ್ರೀತಿಯಿಂದ, ಅವಳನ್ನು ಅಲ್ಲಿಗೇ ಕಳಿಸಿಬಿಡುತ್ತಾರೆ.

ಅವಳು ಜಿಪ್ಪು ಎಳೆದಳು. ಶೆಡ್ಡಿನ ಆ ದಿನದ್ದು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನ ಮಾಡಿದಳು.